ಅದು ಯಾವಾಗಲೂ ಬರುತ್ತೆ, ಬಿಡಿ

ನಮ್ಮ ತಂಡದಲ್ಲಿ ಯಾರಾದರೊಬ್ಬರು ಆಗಾಗ ಹೇಳುವ ಮಾತಿದು. ಬಿಲ್ಡ್ ಲಾಗ್‌ನಲ್ಲಿ, ಅಂದರೆ ಕೋಡ್ ಅನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವಾಗ ಬೀಳುವ ಸಾಲುಗಳ ದಾಖಲೆಯಲ್ಲಿ, 'ಎರರ್' ಅಂತಲೋ 'ಫೇಲ್ಡ್' ಅಂತಲೋ ಒಂದು ಸಾಲು ಕಾಣುತ್ತದೆ. ಹೊಸಬರು ಗಾಬರಿಯಾಗಿ ಕೇಳುತ್ತಾರೆ. ಹಳಬರು ಸ್ಕ್ರೀನ್ ಕಡೆ ಸರಿಯಾಗಿ ನೋಡದೆಯೇ ಹೇಳುತ್ತಾರೆ, "ಅದು ಯಾವಾಗಲೂ ಬರುತ್ತೆ, ಬಿಡಿ." ಹೆಚ್ಚಿನ ಸಲ ಆ ಮಾತು ನಿಜವೇ ಆಗಿರುತ್ತದೆ. ಆದರೂ ಕೇಳಿದಾಗಲೆಲ್ಲ ನನಗೆ ಕಸಿವಿಸಿ. ಯಾವ ಸಾಲು ಸುಳ್ಳು, ಯಾವುದು ನಿಜ ಅನ್ನುವ ತಿಳಿವಳಿಕೆ ಪೂರ್ತಿ ಹಳಬರ ತಲೆಯಲ್ಲೇ ಇದೆ. ಎಲ್ಲೂ ಬರೆದಿಟ್ಟಿಲ್ಲ. ಅವರು ಕೆಲಸ ಬಿಟ್ಟರೆ ಅದೂ ಅವರ ಜೊತೆಗೇ ಹೋಗುತ್ತದೆ. ಹೊಸಬರ ಪಾಲಿಗೆ ಉಳಿಯುವುದು 'ಬಿಡಿ' ಅನ್ನುವ ಅಭ್ಯಾಸ ಮಾತ್ರ.

ನಾನು ಸುಂಟಿಕೊಪ್ಪದ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ತಂಡದ ಉಳಿದವರು ಬೆಂಗಳೂರು, ಮೈಸೂರುಗಳಲ್ಲಿದ್ದಾರೆ. ಕೋಲ್ಡ್ ಸ್ಟೋರೇಜ್‌ಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಕೂರಿಸುವ ಪುಟ್ಟ ಲಿನಕ್ಸ್ ಪೆಟ್ಟಿಗೆಗಳಿಗೆ ನಾವು ಸಾಫ್ಟ್‌ವೇರ್ ಬರೆಯುತ್ತೇವೆ. ಹೆಚ್ಚಿನದು ಸಿ ಮತ್ತು ಸಿ ಪ್ಲಸ್ ಪ್ಲಸ್. ಜೊತೆಗೆ ಬೇರೆಯವರು ಬರೆದ ಲೈಬ್ರರಿಗಳು ಬೇಕಾದಷ್ಟು. ಎಲ್ಲ ಸೇರಿ ಒಂದು ಸಲ ಬಿಲ್ಡ್ ಆದರೆ ಲಾಗ್ ಸಾವಿರಾರು ಸಾಲು ಉದ್ದ ಬರುತ್ತದೆ.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿಯೊಬ್ಬಳು ತಂಡಕ್ಕೆ ಹೊಸದಾಗಿ ಸೇರಿದ್ದಳು. ಇಬ್ಬರೂ ಕೊಡಗಿನವರು ಅಂತ ಮೊದಲ ವಾರದಲ್ಲೇ ನನ್ನನ್ನು ಅಕ್ಕ ಅನ್ನಲು ಶುರು ಮಾಡಿದಳು. ಮಳೆಗಾಲ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದ ದಿನಗಳು. ಒಂದು ಸಂಜೆ ಅವಳ ಫೋನ್ ಬಂತು. ಲಾಗ್ ಪೂರ್ತಿ ಇಳಿಸಿಕೊಂಡು ಮೊದಲಿಂದ ಕೊನೆವರೆಗೆ ಓದಿದ್ದಳು. ಅನುಮಾನ ಬಂದ ಸಾಲುಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಳು. ಒಂದೊಂದನ್ನೇ ಓದಿ ಹೇಳಿದಳು. ನಾನು ಒಂದೊಂದಕ್ಕೂ ಯಾಕೆ ತೊಂದರೆ ಇಲ್ಲ ಅಂತ ಹೇಳುತ್ತಾ ಹೋದೆ. ಕೊನೆಗೆ ಅವಳು ಕೇಳಿದ್ದು, "ಅಕ್ಕಾ, ಹಂಗಾದ್ರೆ ಇದರಲ್ಲಿ ಯಾವುದನ್ನ ನಂಬಬೇಕು?"

ಈ ಪ್ರಶ್ನೆಯ ಮೇಲೇ ಈ ಬರಹ. ಲಾಗ್‌ನಲ್ಲಿ ಸುಳ್ಳು ಅಂತ ನಮಗೆ ಗೊತ್ತಿರುವ ಎರರ್‌ಗಳನ್ನು ಸೋಸಿ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಹೇಗೆ ಸೋಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

'ನಾಟ್ ಫೌಂಡ್' ಅಂದರೂ ಎಲ್ಲ ಸರಿ

ಅವಳ ನೋಟ್‌ಬುಕ್‌ನಲ್ಲಿದ್ದ ಮೊದಲ ಸಾಲನ್ನೇ ತಗೊಳ್ಳಿ. ಬಿಲ್ಡ್‌ಗೆ ಬೇಕಾದ್ದನ್ನೆಲ್ಲ ಹುಡುಕಿ ಹೊಂದಿಸುವ ಸಿಮೇಕ್ ಅನ್ನುವ ಸಾಧನ ಬಳಸಿದ ಯಾರಿಗಾದರೂ ಇದು ಪರಿಚಯ. 'ಪಿಥ್ರೆಡ್-ಕ್ರಿಯೇಟ್ ಅನ್ನುವುದನ್ನು ಪಿಥ್ರೆಡ್ಸ್‌ನಲ್ಲಿ ಹುಡುಕುತ್ತಿದ್ದೇನೆ, ನಾಟ್ ಫೌಂಡ್' ಅಂತ ಒಂದು ಸಾಲು ಬರುತ್ತದೆ. ಅದರ ಮೇಲಿನ ಸಾಲಿನಲ್ಲಿ ಒಂದು ಪರೀಕ್ಷೆ 'ಫೇಲ್ಡ್' ಅಂತ ಇರುತ್ತದೆ. ನಿಜವಾಗಿ ಅಲ್ಲಿ ಏನೂ ಕೆಟ್ಟಿಲ್ಲ. ಥ್ರೆಡ್‌ಗಳ, ಅಂದರೆ ಒಂದೇ ಪ್ರೋಗ್ರಾಮ್ ಒಳಗೆ ಜೊತೆಜೊತೆಗೆ ಓಡುವ ಎಳೆಗಳ, ಕೆಲಸ ಮಾಡುವ ಲೈಬ್ರರಿ ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಕಡೆ, ಒಂದೊಂದು ಹೆಸರಲ್ಲಿ ಇರುತ್ತದೆ. ಸಿಮೇಕ್ ಒಂದೊಂದೇ ಕಡೆ ಕೈಹಾಕಿ ನೋಡುತ್ತದೆ. ಮೂಲ ಸಿ ಲೈಬ್ರರಿಯಲ್ಲಿ ಇಲ್ಲ, ಪಿಥ್ರೆಡ್ಸ್‌ನಲ್ಲಿ ಇಲ್ಲ, ಪಿಥ್ರೆಡ್‌ನಲ್ಲಿ ಇದೆ. ಸಿಕ್ಕಿತು, ಮುಂದಕ್ಕೆ. ಹುಡುಕಾಟದ ದಾರಿಯಲ್ಲಿ ಸಿಗದ ಜಾಗಗಳ ಲೆಕ್ಕವನ್ನೂ ಅದು ಲಾಗ್‌ನಲ್ಲಿ ಬಿಟ್ಟು ಹೋಗುತ್ತದೆ, ಅಷ್ಟೇ. ಬಿಲ್ಡ್ ಬೇರೆ ಯಾವುದೋ ಕಾರಣಕ್ಕೆ ನಿಂತಾಗ ಜನ ಇದೇ ಸಾಲನ್ನು ಹಿಡಿದುಕೊಂಡು ಗಂಟೆಗಟ್ಟಲೆ ಒದ್ದಾಡುತ್ತಾರೆ.

ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳದ್ದೂ ಇದೇ ರೀತಿ. ಒಂದು ಸೌಲಭ್ಯ ಇದೆಯೋ ಇಲ್ಲವೋ ಅಂತ ತಿಳಿಯಲು ಅವು ಸಣ್ಣ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ನೋಡುತ್ತವೆ. ಕಂಪೈಲ್ ಆಗದೆ ಇರುವುದೇ ಅಲ್ಲಿ ಉತ್ತರ. ಹಾಗಾಗಿ ಅವುಗಳ ಲಾಗ್ ಕಡತದಲ್ಲಿ ಎರರ್ ತುಂಬಿರುತ್ತದೆ, ಎಲ್ಲವೂ ಬೇಕಂತಲೇ ಮಾಡಿದ್ದು. ಇನ್ನು 'ಎರರ್' ಅನ್ನುವ ಅಕ್ಷರಗಳನ್ನು ಸುಮ್ನೆ ಹುಡುಕಿದರೆ ಸಿಗುವುದು ಎಷ್ಟೊಂದು! ವಾರ್ನಿಂಗ್‌ಗಳನ್ನು ಎರರ್ ಅಂತ ಎಣಿಸು ಅನ್ನುವ ಕಂಪೈಲರ್ ಆಯ್ಕೆಯ ಹೆಸರಲ್ಲೇ ಎರರ್ ಇದೆ. ಅದು ಪ್ರತಿ ಕಡತದ ಕಂಪೈಲ್ ಸಾಲಿನಲ್ಲೂ ಬರುತ್ತದೆ. 'ಲಿಬ್-ಜಿಪಿಜಿ-ಎರರ್' ಅನ್ನುವ ಲೈಬ್ರರಿಯೇ ಇದೆ. ಎಲ್ಲ ಚೆನ್ನಾಗಿ ಮುಗಿದಾಗ ಬರುವ '0 ಎರರ್ಸ್' ಅನ್ನುವ ಸಾಲಿನಲ್ಲೂ ಅದೇ ಅಕ್ಷರ.

ಇವೆಲ್ಲ ಸುಲಭದವು. ಕಷ್ಟದ್ದು ಬೇರೆ. ಕಂಪೈಲರ್ ಕೋಡ್ ಓದಿ, ಯೋಚಿಸಿ, ತಪ್ಪು ಲೆಕ್ಕಕ್ಕೆ ಬರುವ ವಾರ್ನಿಂಗ್‌ಗಳು. ಜಿಸಿಸಿ ಅನ್ನುವ ಕಂಪೈಲರ್‌ನಲ್ಲಿ 'ಈ ವೇರಿಯಬಲ್‌ಗೆ ಬೆಲೆ ಕೊಡದೆಯೇ ಬಳಸಿರಬಹುದು' ಅನ್ನುವ ವಾರ್ನಿಂಗ್ ಇದೆ. ಕೋಡ್ ಸರಿ ಇದ್ದರೂ ಅದು ಸರಿ ಅಂತ ಕಂಪೈಲರ್‌ಗೆ ಕೆಲವೊಮ್ಮೆ ಗೊತ್ತಾಗದೆ ಹೋಗಬಹುದು ಅಂತ ಜಿಸಿಸಿ ಕೈಪಿಡಿಯಲ್ಲೇ ಇದೆ. ಆಪ್ಟಿಮೈಸೇಶನ್ ಮಟ್ಟ ಬದಲಿಸಿದರೆ ಈ ವಾರ್ನಿಂಗ್ ಕೆಲವು ಕಡೆ ಬರುತ್ತದೆ, ಕೆಲವು ಕಡೆ ಹೋಗುತ್ತದೆ. ನಾವು ಕೂತು ಕೋಡ್ ಓದಿ, ಎಲ್ಲ ದಾರಿಗಳನ್ನೂ ನೋಡಿ, ಇದು ಸುಳ್ಳು ಅಂತ ತೀರ್ಮಾನ ಮಾಡಬೇಕು. ಆ ತೀರ್ಮಾನ ಇವತ್ತಿನ ಕೋಡ್‌ಗೆ ಮಾತ್ರ ಸರಿ. ನಾಳೆ ಯಾರಾದರೂ ಅಲ್ಲಿ ಇನ್ನೊಂದು 'ಇಫ್' ಸೇರಿಸಿದರೆ ಅದೇ ವಾರ್ನಿಂಗ್ ನಿಜವಾಗಬಹುದು. ಸಾಲಿನ ಅಕ್ಷರಗಳು ಮಾತ್ರ ಒಂದೂ ಬದಲಾಗಿರುವುದಿಲ್ಲ.

ಗದ್ದಲವನ್ನು ಹಾಗೇ ಬಿಟ್ಟರೆ

ಕೆಲವರು ಸೋಸುವುದೇ ಬೇಡ ಅನ್ನುತ್ತಾರೆ. ಎಲ್ಲ ಕಾಣಲಿ, ಬೇಕಾದವರು ಓದಿಕೊಳ್ಳಲಿ ಅಂತ. ನಾನು ಇದನ್ನು ಒಪ್ಪುವುದಿಲ್ಲ. ದಿನವೂ ಸುಳ್ಳು ಹೇಳುವ ಲಾಗ್ ಅನ್ನು ಯಾರೂ ಓದುವುದಿಲ್ಲ. ಓದದವರನ್ನು ಬೈದು ಪ್ರಯೋಜನವಿಲ್ಲ, ಮನುಷ್ಯರ ಕಣ್ಣು ಇರುವುದೇ ಹಾಗೆ.

ಇದರ ಬೆಲೆ ಎಷ್ಟಿರಬಹುದು ಅಂತ ತಿಳಿಯಲು ಥೆರಾಕ್-25 ಅನ್ನುವ ಯಂತ್ರದ ಕಥೆ ಓದಬೇಕು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ಜನರಿಗೆ ಅದರಿಂದ ವಿಪರೀತ ಪ್ರಮಾಣದ ವಿಕಿರಣ ತಗುಲಿತು. ಕೆಲವರು ಸತ್ತರು. ತಪ್ಪು ಸಾಫ್ಟ್‌ವೇರ್‌ನಲ್ಲಿತ್ತು. 1986ರಲ್ಲಿ ಟೆಕ್ಸಾಸ್‌ನ ಟೈಲರ್‌ನಲ್ಲಿ ಅವಘಡ ಆದಾಗ ಸ್ಕ್ರೀನ್ ಮೇಲೆ 'ಮಾಲ್‌ಫಂಕ್ಷನ್ 54' ಅಂತ ಬಂದಿತ್ತು. ಯಂತ್ರ ಸುಮ್ಮನಿರಲಿಲ್ಲ, ಹೇಳಿತ್ತು. ಆದರೆ ಆ ಯಂತ್ರ ಇಂಥ ಸಂದೇಶಗಳನ್ನು ಆಗಾಗ ತೋರಿಸುತ್ತಲೇ ಇತ್ತು. ಪಿ ಅಕ್ಷರದ ಕೀಲಿ ಒತ್ತಿದರೆ ಚಿಕಿತ್ಸೆ ಮುಂದುವರಿಯುತ್ತಿತ್ತು. ನಡೆಸುವವರಿಗೆ ಅದು ಮಾಮೂಲಾಗಿತ್ತು. ಆ ದಿನವೂ ಪಿ ಒತ್ತಿದರು. ಅಲ್ಲಿದ್ದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮಾಮೂಲಿ ತೊಂದರೆಗೂ ಪ್ರಾಣ ಹೋಗುವ ತೊಂದರೆಗೂ ಒಂದೇ ಥರದ ಸಂದೇಶ ಕೊಟ್ಟು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದು ಆ ಯಂತ್ರ.

ನಾವು ಬರೆಯುವ ಕೋಡ್‌ನಿಂದ ಯಾರ ಪ್ರಾಣವೂ ಹೋಗುವುದಿಲ್ಲ, ಹೆಚ್ಚೆಂದರೆ ಒಂದು ಕೋಲ್ಡ್ ಸ್ಟೋರೇಜ್‌ನ ಮಾಲು ಹಾಳಾದೀತು. ಆದರೂ 'ಅದು ಯಾವಾಗಲೂ ಬರುತ್ತೆ' ಅನ್ನುವುದೂ ಆ ಪಿ ಕೀಲಿಯೂ ಒಂದೇ ಅಂತ ನನಗೆ ಅನ್ನಿಸುತ್ತದೆ.

ಗ್ರೆಪ್ ಹಾಕಿದರೆ ಮುಗೀತಲ್ವಾ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ಬಿಲ್ಡ್‌ನ ಔಟ್‌ಪುಟ್ ಅನ್ನು ಪೈಪ್ ಮಾಡಿ, ಅಂದರೆ ನೇರ ಹರಿಸಿ, ಸಾಲು ಹುಡುಕುವ ಗ್ರೆಪ್ ಅನ್ನುವ ಕಮಾಂಡ್‌ಗೆ ಕೊಡುವುದು, ಮೈನಸ್ ವಿ ಹಾಕಿ ಬೇಡದ ಸಾಲು ತೆಗೆಯುವುದು. ಒಂದೇ ಸಾಲಿನ ಕೆಲಸ. ಆದರೆ ಈ ಒಂದು ಸಾಲಿನೊಳಗೆ ಎಷ್ಟು ಗುಂಡಿಗಳಿವೆ ಅಂತ ಕೆಲಸ ಮಾಡುತ್ತಾ ಮಾಡುತ್ತಾ ಗೊತ್ತಾಗುತ್ತದೆ.

ದೊಡ್ಡ ಗುಂಡಿ ಎಕ್ಸಿಟ್ ಕೋಡ್‌ನದ್ದು, ಅಂದರೆ ಕಮಾಂಡ್ ಮುಗಿಯುವಾಗ ಹಿಂದಿರುಗಿಸುವ ಸಂಖ್ಯೆಯದ್ದು. ಗೆದ್ದರೆ 0, ಇಲ್ಲದಿದ್ದರೆ ಬೇರೆ. ಪೈಪ್ ಹಾಕಿದ ಮೇಲೆ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ಕಮಾಂಡ್‌ನ ಫಲಿತಾಂಶವನ್ನು. ಅಂದರೆ ಬಿಲ್ಡ್ ನಡೆಸುವ ಮೇಕ್ ಸೋತಿದ್ದರೂ ಗ್ರೆಪ್ ಗೆದ್ದಿರುತ್ತದೆ. ಬಿಲ್ಡ್ ಗೆದ್ದಿತು ಅಂತ ಹಸಿರು ತೋರಿಸುತ್ತದೆ. ಇದಕ್ಕೆ ಪೈಪ್‌ಫೇಲ್ ಅನ್ನುವ ಆಯ್ಕೆ ಹಾಕಬೇಕು. ಹಾಕಿದಿರಿ ಅಂತಿಟ್ಟುಕೊಳ್ಳಿ. ಈಗ ಉಲ್ಟಾ ತೊಂದರೆ. ತೋರಿಸಲು ಒಂದು ಸಾಲೂ ಉಳಿಯದಿದ್ದರೆ ಗ್ರೆಪ್ ತಾನೇ 1 ಅಂತ ಹಿಂದಿರುಗಿಸುತ್ತದೆ. ಎಲ್ಲ ಸುಳ್ಳು ಎರರ್ ಹೋಗಿ ಲಾಗ್ ಸ್ವಚ್ಛವಾದ ದಿನವೇ ಬಿಲ್ಡ್ ಕೆಂಪಾಗುತ್ತದೆ! ಕಾರಣ ಗೊತ್ತಿಲ್ಲದವರು ಇದನ್ನು ನೋಡಿ ತಲೆ ಚಚ್ಚಿಕೊಳ್ಳುವುದೇ ಸರಿ.

ಇನ್ನೊಂದು, ವಾರ್ನಿಂಗ್ ಅನ್ನುವುದು ಒಂದು ಸಾಲಲ್ಲ. ಯಾವ ಕಡತದಿಂದ ಬಂತು ಅನ್ನುವ ಸಾಲು, ಆಮೇಲೆ ವಾರ್ನಿಂಗ್, ಅದರ ಕೆಳಗೆ ಕೋಡ್‌ನ ತುಣುಕು, ಅದರ ಕೆಳಗೆ ಬಾಣದ ಗುರುತು, ಕೊನೆಗೊಂದು ನೋಟ್. ಗ್ರೆಪ್ ನಡುವಿನ ಒಂದು ಸಾಲು ತೆಗೆದರೆ ಉಳಿದದ್ದು ತಲೆಯಿಲ್ಲದ ಮುಂಡದ ಹಾಗೆ ನಿಂತಿರುತ್ತದೆ. ನಾಲ್ಕಾರು ಕಡತ ಒಟ್ಟಿಗೆ ಕಂಪೈಲ್ ಆಗುವಾಗ ಒಂದರ ಸಾಲಿನ ನಡುವೆ ಇನ್ನೊಂದರ ಸಾಲು ಸೇರಿಕೊಳ್ಳುತ್ತದೆ. ಗ್ನೂ ಮೇಕ್ 4.0ರಿಂದ ಔಟ್‌ಪುಟ್-ಸಿಂಕ್ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿದರೆ ಒಂದೊಂದರ ಮಾತು ಒಟ್ಟಾಗಿ ಬರುತ್ತದೆ. ಲೊಕೇಲ್, ಅಂದರೆ ಯಂತ್ರದ ಭಾಷೆ, ಅಕ್ಷರಗಳ ಸೆಟ್ಟಿಂಗ್, ಇನ್ನೊಂದು ತಲೆನೋವು. ಜಿಸಿಸಿ ಯುಟಿಎಫ್-8 ಲೊಕೇಲ್‌ನಲ್ಲಿ ವೇರಿಯಬಲ್ ಹೆಸರಿನ ಸುತ್ತ ಬಾಗಿದ ಉದ್ಧರಣ ಚಿಹ್ನೆ ಹಾಕುತ್ತದೆ, ಸಿ ಲೊಕೇಲ್‌ನಲ್ಲಿ ನೆಟ್ಟಗಿನದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೊಂದಿಕೆಯಾದ ಪ್ಯಾಟರ್ನ್ ಸರ್ವರ್‌ನಲ್ಲಿ ಹೊಂದುವುದಿಲ್ಲ. ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ.

ಇಷ್ಟೆಲ್ಲ ತೊಂದರೆಗೆ ಸಿಕ್ಕಿಕೊಂಡವರು ಏನು ಮಾಡುತ್ತಾರೆ? ಪ್ಯಾಟರ್ನ್ ಅಗಲ ಮಾಡುತ್ತಾರೆ. ಪೂರ್ತಿ ಸಾಲು ಬರೆಯುವ ಬದಲು ಅದರ ಒಂದೆರಡು ಪದ. ಆ ಪದಗಳಿದ್ದ ಸಾಲೆಲ್ಲ ಮಾಯ. ಅಪಾಯ ಶುರುವಾಗುವುದು ಇಲ್ಲಿಂದ.

ಎರಡು ಕಡೆ ಒಂದೇ ಸಾಲು

ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಗೂಢಲಿಪಿ ಲೈಬ್ರರಿಗೆ ಆದ ಕಥೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಲವರು ಇದನ್ನು 'ವಾರ್ನಿಂಗ್ ಮುಚ್ಚಿದರು, ಕೆಟ್ಟಿತು' ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಒಳಗಿನ ವಿವರ ಅದಕ್ಕಿಂತ ಜಾಸ್ತಿ ಕಲಿಸುತ್ತದೆ.

ವ್ಯಾಲ್‌ಗ್ರಿಂಡ್ ಅನ್ನುವ ಸಾಧನ ಪ್ರೋಗ್ರಾಮ್ ಓಡುವಾಗ ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುತ್ತದೆ. ಓಪನ್‌ಎಸ್‌ಎಸ್‌ಎಲ್ ಬಳಸುವ ಯಾವ ಪ್ರೋಗ್ರಾಮ್ ಓಡಿಸಿದರೂ 'ಬೆಲೆ ಕೊಡದ ಮೆಮೊರಿ ಬಳಸಿದ್ದೀರಿ' ಅಂತ ಅದು ಸಾಲುಗಟ್ಟಲೆ ದೂರುತ್ತಿತ್ತು. ಗದ್ದಲ ತಡೆಯಲಾಗದೆ 2006ರಲ್ಲಿ ಡೆಬಿಯನ್‌ನ ಪ್ಯಾಕೇಜ್‌ನಲ್ಲಿ ಅದಕ್ಕೆ ಕಾರಣವಾದ ಎರಡು ಸಾಲುಗಳನ್ನು ತೆಗೆದರು. ಎರಡೂ ಸಾಲು ಅಕ್ಷರಕ್ಕೆ ಅಕ್ಷರ ಒಂದೇ ಥರ ಇದ್ದವು, ಬಫರ್ ಒಂದನ್ನು, ಅಂದರೆ ಮೆಮೊರಿಯ ಒಂದು ತುಂಡನ್ನು, ರ‍್ಯಾಂಡಮ್ ಸಂಖ್ಯೆಗಳ ರಾಶಿಗೆ ಬೆರೆಸುವ ಸಾಲು. ಒಂದು ಕಡೆ ಅದು ಬೆರೆಸುತ್ತಿದ್ದುದು ಕರೆದವರ ಖಾಲಿ ಬಫರ್‌ನಲ್ಲಿ ಇದ್ದದ್ದನ್ನು. ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ. ಅಲ್ಲಿನ ಸಾಲು ಹೋದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಕಡೆಯ ಸಾಲು ಹೊರಗಿನಿಂದ ಬಂದ ಎಲ್ಲ ಅನಿಶ್ಚಿತತೆಯನ್ನೂ ಒಳಗೆ ತರುವ ಒಂದೇ ಬಾಗಿಲು. ಅದೂ ಹೋಯಿತು. ಗೂಢಲಿಪಿಯ ಕೀಲಿ ತಯಾರಿಸುವಾಗ ಬದಲಾಗುವ ಸಂಗತಿ ಅಂತ ಉಳಿದದ್ದು ಓಡುವ ಪ್ರೋಗ್ರಾಮ್‌ಗೆ ಸಿಸ್ಟಮ್ ಕೊಡುವ ಪ್ರೋಸೆಸ್ ಸಂಖ್ಯೆ ಮಾತ್ರ. ಲಿನಕ್ಸ್‌ನಲ್ಲಿ ಅದರ ಮಾಮೂಲಿ ಮಿತಿ 32,768. ಅಂದರೆ ಒಂದು ಬಗೆಯ, ಒಂದು ಅಳತೆಯ ಕೀಲಿಗಳು ಇಷ್ಟರೊಳಗೇ ಮುಗಿದುಹೋದವು. ಯಾರು ಬೇಕಾದರೂ ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದಿತ್ತು. 2008ರ ಮೇ 13ರಂದು ಇದು ಹೊರಬಂತು, ಲೂಸಿಯಾನೊ ಬೆಲ್ಲೊ ಕಂಡುಹಿಡಿದರು. ಡೆಬಿಯನ್, ಉಬುಂಟುಗಳಲ್ಲಿ ಆ ಅವಧಿಯಲ್ಲಿ ಮಾಡಿದ, ದೂರದ ಯಂತ್ರಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಲಿಗಳನ್ನೆಲ್ಲ ಬಿಸಾಡಿ ಹೊಸದು ಮಾಡಬೇಕಾಯಿತು.

ನನಗೆ ಇದರಲ್ಲಿ ಕಾಡುವುದು ಆ ಎರಡು ಸಾಲುಗಳು. ಒಂದೇ ಅಕ್ಷರ, ಒಂದೇ ಥರದ ದೂರು. ಒಂದು ಕಡೆ ಪೂರ್ತಿ ನಿರುಪದ್ರವಿ, ಇನ್ನೊಂದು ಕಡೆ ಅದೇ ಪ್ರಾಣ. ಅಕ್ಷರ ನೋಡಿ ಸೋಸಿದರೆ ಎರಡೂ ಒಂದೇ. ಜಾಗ ನೋಡಿ ಸೋಸಬೇಕು. ತಮಾಷೆ ಅಲ್ಲ, ಇದಕ್ಕೆ ವ್ಯಾಲ್‌ಗ್ರಿಂಡ್‌ನಲ್ಲೇ ಸರಿಯಾದ ದಾರಿ ಇದೆ. ಯಾವ ದೂರು ಮುಚ್ಚಬೇಕು ಅಂತ ಹೇಳುವ ಅದರ ಸಪ್ರೆಶನ್ ಕಡತದಲ್ಲಿ ಯಾವ ಫಂಕ್ಷನ್, ಅದನ್ನು ಕರೆದದ್ದು ಯಾವುದು, ಅದನ್ನು ಕರೆದದ್ದು ಇನ್ಯಾವುದು ಅಂತ ಸರಪಳಿಯನ್ನೇ ಬರೆಯಬಹುದು. ಜೆನ್-ಸಪ್ರೆಶನ್ಸ್ ಅಂತ ಕೇಳಿದರೆ ಅದೇ ಬರೆದೂ ಕೊಡುತ್ತದೆ. ದೂರು ಮಾತ್ರ ಮುಚ್ಚುತ್ತದೆ, ಕೋಡ್ ಹಾಗೇ ಇರುತ್ತದೆ.

ಹಾಗಾಗಿ ನಮ್ಮಲ್ಲಿ ಲಾಗ್ ಸೋಸುವುದು ಕೊನೆಯ ದಾರಿ. ಕೋಡ್ ತಿದ್ದಿ ವಾರ್ನಿಂಗ್ ಹೋಗುವುದಾದರೆ ತಿದ್ದುತ್ತೇವೆ. ಬೇರೆಯವರ ಹೆಡರ್ ಕಡತಗಳಿಂದ ಬರುವ ಗದ್ದಲವಾದರೆ ಅವನ್ನು ಸಿಸ್ಟಮ್ ಹೆಡರ್ ಅಂತ ಕಂಪೈಲರ್‌ಗೆ ಹೇಳಿದರೆ ಸಾಕು, ಜಿಸಿಸಿ ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮದೇ ಕೋಡ್‌ನ ಒಂದು ಜಾಗ ಆದರೆ ಪ್ರಾಗ್ಮಾ ಅನ್ನುವ ಕಂಪೈಲರ್ ಸೂಚನೆಯ ಪುಶ್, ಪಾಪ್ ನಡುವೆ ಆ ಒಂದು ವಾರ್ನಿಂಗ್ ಅಷ್ಟನ್ನೇ ನಿಲ್ಲಿಸುತ್ತೇವೆ, ಯಾಕೆ ಅಂತ ಪಕ್ಕದಲ್ಲೇ ಬರೆದು. ಇದ್ಯಾವುದೂ ಆಗದ್ದು ಮಾತ್ರ ಲಾಗ್‌ನ ಫಿಲ್ಟರ್‌ಗೆ ಬರುತ್ತದೆ.

ತೋಡಿನ ಸದ್ದು

2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ಹೇಳಬೇಕಾದ್ದಿಲ್ಲ. ನಮ್ಮ ಮನೆಯ ಕೆಳಗೆ ಒಂದು ತೋಡು ಹರಿಯುತ್ತದೆ. ಮಳೆಗಾಲದಲ್ಲಿ ಅದರ ಸದ್ದು ಹಗಲು ರಾತ್ರಿ ಇರುವುದೇ. ಟಿವಿ ಜೋರು ಮಾಡಬೇಕು, ಫೋನ್‌ನಲ್ಲಿ ಕೂಗಿ ಮಾತಾಡಬೇಕು. ಆ ಸದ್ದು ನಮಗೆ ಕೇಳಿಸುವುದೇ ಇಲ್ಲ ಅನ್ನುವಷ್ಟು ಅಭ್ಯಾಸ. ಮಳೆಯೂ ಹಾಗೇ. ನಮ್ಮ ಮಾವ ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಇಂಚಿನ ಲೆಕ್ಕ ಬರೆಯುತ್ತಾರೆ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದನ್ನು ಅತ್ಯಂತ ಭಾರಿ ಮಳೆ ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಇಂಚು. ಇಲ್ಲಿ ಮಳೆಗಾಲದಲ್ಲಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಒಂದರ ಹಿಂದೆ ಒಂದು ಬರುತ್ತವೆ. ಶಾಲೆಗೆ ರಜೆ ಇದೆಯಾ ಅಂತ ನೋಡಲು ಮಾತ್ರ ಅದನ್ನು ಓದುವವರೇ ಜಾಸ್ತಿ.

ಆ ಆಗಸ್ಟ್‌ನ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮಳೆ ಬಿಟ್ಟಿರಲಿಲ್ಲ. ಮಾವ ಒಳಗಿಂದ ಬಂದು ಕಂಬ ಹಿಡಿದು ನಿಂತರು. ಒಂದಷ್ಟು ಹೊತ್ತು ಕೆಳಗೆ ನೋಡಿದರು. ಆಮೇಲೆ, "ಮಳೆ ಇಷ್ಟು ಬರ್ತಾ ಇದೆ, ತೋಡಿನ ಸದ್ದು ಕಮ್ಮಿ ಆಗಿದೆಯಲ್ಲ ಮಗಾ," ಅಂದರು. ಅವರು ಹೇಳಿದ ಮೇಲೆ ನನಗೂ ಗೊತ್ತಾಯಿತು. ಹೋಗಿ ನೋಡಿದರೆ ನೀರು ಅರ್ಧಕ್ಕೆ ಇಳಿದಿತ್ತು, ಕೆಂಪು ಮಣ್ಣು ಬೆರೆತಿತ್ತು. ಮಾವ ಇನ್ನೊಂದು ಮಾತಾಡಲಿಲ್ಲ. ಜೀಪು ತೆಗೆದರು. ಲೈನ್ ಮನೆಯ ಕೆಲಸದವರನ್ನೂ ಕರೆದುಕೊಂಡು ಎಲ್ಲರೂ ಕುಶಾಲನಗರದ ನೆಂಟರ ಮನೆಗೆ ಹೋದೆವು. ಮೇಲೆ ಗುಡ್ಡದ ಬರೆ ಜರಿದು ತೋಡಿಗೆ ಅಡ್ಡ ಬಿದ್ದು ನೀರು ಕಟ್ಟಿ ನಿಂತಿತ್ತು. ಆ ರಾತ್ರಿ ಅದು ಒಡೆಯಿತು. ಕೆಳಗಿನ ಗದ್ದೆಯೂ ಪಂಪ್ ಮನೆಯೂ ಹೋದವು. ಮನೆ ಉಳಿಯಿತು, ಜನ ಉಳಿದರು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಎಷ್ಟೋ ಕುಟುಂಬಗಳಿಗೆ ಅಷ್ಟು ಸಮಯವೂ ಸಿಗಲಿಲ್ಲ.

ಜೋರು ಮಳೆಯಲ್ಲಿ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ, ಕದಡಿದರೆ ಮೇಲೆ ಏನೋ ಆಗಿದೆ ಅಂತ ಅರ್ಥ. ಭೂಕುಸಿತದ ಬಗ್ಗೆ ಜನರಿಗೆ ತಿಳಿಸುವವರೂ ಇದನ್ನೇ ಹೇಳುತ್ತಾರೆ. ಮಾವನ ಕಿವಿಯೂ ತೋಡಿನ ಸದ್ದನ್ನು ಸೋಸಿ ಬಿಟ್ಟಿತ್ತು, ನನ್ನ ಕಿವಿಯ ಹಾಗೇ. ಆದರೆ ಅವರ ಕಿವಿ ಆ ಸದ್ದು ಇರಬೇಕು ಅಂತ ಕಾಯುತ್ತಲೂ ಇತ್ತು. ನನ್ನದು ಕಾಯುತ್ತಿರಲಿಲ್ಲ. ಬಿಲ್ಡ್ ಲಾಗ್‌ನ ಫಿಲ್ಟರ್ ಮಾವನ ಕಿವಿಯ ಥರ ಇರಬೇಕು ಅನ್ನುವುದು ನನ್ನ ವಾದ.

ಬರಬೇಕಾದದ್ದು ಬಾರದಿದ್ದರೆ

ಇದು ನನ್ನೊಬ್ಬಳ ಕಲ್ಪನೆ ಏನಲ್ಲ. ಸಾಧನಗಳು ನಿಧಾನಕ್ಕೆ ಈ ಕಡೆಗೇ ಬರುತ್ತಿವೆ. ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ 2017ರಿಂದ ಟಿಎಸ್-ಇಗ್ನೋರ್ ಇತ್ತು. ಅದನ್ನು ಬರೆದರೆ ಕೆಳಗಿನ ಸಾಲಿನ ಎರರ್ ಯಾವುದಿದ್ದರೂ ನುಂಗುತ್ತದೆ, ಎರರ್ ಇಲ್ಲದಿದ್ದರೂ ಸುಮ್ಮನಿರುತ್ತದೆ. 2020ರಲ್ಲಿ ಬಂದ 3.9ರಲ್ಲಿ ಟಿಎಸ್-ಎಕ್ಸ್‌ಪೆಕ್ಟ್-ಎರರ್ ಸೇರಿಸಿದರು. ಇದೂ ಎರರ್ ಮುಚ್ಚುತ್ತದೆ. ಆದರೆ ಅಲ್ಲಿ ಎರರ್ ಬಾರದೇ ಹೋದರೆ ಅದೇ ಒಂದು ಎರರ್. ರಸ್ಟ್ ಭಾಷೆಯಲ್ಲಿ 2024ರ ಸೆಪ್ಟೆಂಬರ್‌ನ 1.81ರಿಂದ ಎಕ್ಸ್‌ಪೆಕ್ಟ್ ಅನ್ನುವ ಗುರುತು ಹೀಗೇ ಕೆಲಸ ಮಾಡುತ್ತದೆ. ಪರೀಕ್ಷೆ ಓಡಿಸುವ ಪೈಟೆಸ್ಟ್‌ನಲ್ಲಿ ಸೋಲಬೇಕು ಅಂತ ಗುರುತು ಹಾಕಿದ ಪರೀಕ್ಷೆ ಗೆದ್ದುಬಿಟ್ಟರೆ, ಸ್ಟ್ರಿಕ್ಟ್ ಅಂತ ಹೇಳಿದ್ದರೆ, ಅದನ್ನು ಸೋಲು ಅಂತಲೇ ಎಣಿಸುತ್ತದೆ. ಕೋಡ್ ಓದಿ ತಪ್ಪು ಹುಡುಕುವ ಇಎಸ್‌ಲಿಂಟ್, ಸಿಪಿಪಿಚೆಕ್ ಎರಡೂ ಕೆಲಸಕ್ಕೆ ಬಾರದ ಸಪ್ರೆಶನ್‌ಗಳನ್ನು ತೋರಿಸಬಲ್ಲವು. ವ್ಯಾಲ್‌ಗ್ರಿಂಡ್ ಕೂಡ ವರ್ಬೋಸ್ ಅಂದರೆ ಯಾವ ಸಪ್ರೆಶನ್ ಎಷ್ಟು ಸಲ ಬಳಕೆಯಾಯಿತು ಅಂತ ಕೊನೆಯಲ್ಲಿ ಹೇಳುತ್ತದೆ.

ನಮ್ಮ ಫಿಲ್ಟರ್ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್. ಪೈಪ್‌ನಲ್ಲಿ ಇಲ್ಲ. ಬಿಲ್ಡ್ ಮುಗಿದು ಪೂರ್ತಿ ಲಾಗ್ ಕಡತಕ್ಕೆ ಬಿದ್ದ ಮೇಲೆ ಅದನ್ನು ಓದುತ್ತದೆ. ಮೇಕ್‌ನ ಫಲಿತಾಂಶ ಮೇಕ್‌ನದ್ದೇ, ಫಿಲ್ಟರ್ ಅದನ್ನು ಮುಟ್ಟುವುದಿಲ್ಲ. ಮೂಲ ಲಾಗ್ ಯಾವಾಗಲೂ ಹಾಗೇ ಇರುತ್ತದೆ, ಅನುಮಾನ ಬಂದವರು ತೆಗೆದು ನೋಡಬಹುದು. ಜೊತೆಗೊಂದು ಪಟ್ಟಿ. ಅದರಲ್ಲಿ ಪ್ರತಿ ಸುಳ್ಳು ಎರರ್‌ಗೂ ಯಾವ ಕಡತದಿಂದ ಬರುತ್ತದೆ, ಯಾವ ಸಾಲು, ಎಷ್ಟು ಸಲ ಬರಬೇಕು, ಇದು ಸುಳ್ಳು ಅಂತ ಹೇಗೆ ತೀರ್ಮಾನ ಮಾಡಿದೆವು, ತೀರ್ಮಾನ ಮಾಡಿದವರು ಯಾರು ಅಂತ ಇರುತ್ತದೆ. ಕೋಡ್‌ನ ಎಷ್ಟನೇ ಸಾಲು ಅನ್ನುವ ಸಂಖ್ಯೆ ಬರೆಯುವುದಿಲ್ಲ, ಮೇಲೆ ಒಂದು ಕಾಮೆಂಟ್ ಸೇರಿಸಿದರೂ ಅದು ಬದಲಾಗುತ್ತದೆ. ಹೇಳಿದ್ದಕ್ಕಿಂತ ಜಾಸ್ತಿ ಸಲ ಬಂದರೆ ತೋರಿಸುತ್ತದೆ. ಒಂದೂ ಬಾರದಿದ್ದರೆ 'ಬರಬೇಕಿತ್ತು, ಬಂದಿಲ್ಲ' ಅಂತ ತೋರಿಸುತ್ತದೆ. ಪಟ್ಟಿಯ ಮೊದಲ ಕರಡು ಬರೆದದ್ದು ಆ ಹುಡುಗಿಯೇ, ಅವಳ ನೋಟ್‌ಬುಕ್‌ನಿಂದ.

ಅದರ ಬೆಲೆ ಗೊತ್ತಾದದ್ದು ಒಂದು ಸಾಮಾನ್ಯ ದಿನ. ಬಿಲ್ಡ್ ಹಸಿರು. ಹೊಸ ಎರರ್ ಒಂದೂ ಇಲ್ಲ. ಫಿಲ್ಟರ್ ಮಾತ್ರ ಕೆಳಗೆ ಒಂದು ಸಾಲು ಹಾಕಿತ್ತು. ಪಿಥ್ರೆಡ್ಸ್‌ನಲ್ಲಿ ನಾಟ್ ಫೌಂಡ್ ಅನ್ನುವ ಸಾಲು ಬರಬೇಕಿತ್ತು, ಬಂದಿಲ್ಲ. "ಒಳ್ಳೆಯದೇ ಆಯ್ತಲ್ಲ, ಪಟ್ಟಿಯಿಂದ ತೆಗೆದುಬಿಡೋಣ" ಅಂತ ಒಬ್ಬರು ಅಂದರು. ಹುಡುಗಿ ಬಿಡಲಿಲ್ಲ. "ಯಾವಾಗಲೂ ಬರ್ತಿದ್ದದ್ದು ಇವತ್ತು ಯಾಕೆ ಬರಲಿಲ್ಲ ಅಂತ ನೋಡ್ತೀನಿ ಅಕ್ಕಾ" ಅಂತ ಕೂತಳು.

ಕಾರಣ ಹೀಗಿತ್ತು. 2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ, ಅಂದರೆ ಲಿನಕ್ಸ್‌ನಲ್ಲಿ ಮಾಮೂಲಾಗಿ ಬಳಸುವ ಸಿ ಲೈಬ್ರರಿ, ಅದರ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮೂಲ ಸಿ ಲೈಬ್ರರಿಯ ಒಳಗೇ ಸೇರಿಸಿದರು. ಅಲ್ಲಿಂದ ಮುಂದಕ್ಕೆ ಸಿಮೇಕ್‌ಗೆ ಮೊದಲ ಜಾಗದಲ್ಲೇ ಸಿಗುತ್ತದೆ, ಬೇರೆ ಕಡೆ ಹುಡುಕುವುದೇ ಇಲ್ಲ. ಅಂದರೆ ನಮ್ಮ ಬಿಲ್ಡ್ ಯಂತ್ರದ ಜಿಲಿಬ್‌ಸಿ ಬದಲಾಗಿತ್ತು. ಹುಡುಕಿದರೆ, ಬಿಲ್ಡ್ ನಡೆಯುವ ಕಂಟೇನರ್‌ನ, ಅಂದರೆ ಬೇರೆಯಾಗಿ ಕಟ್ಟಿಟ್ಟ ಪುಟ್ಟ ಲಿನಕ್ಸ್ ಪರಿಸರದ, ವ್ಯಾಖ್ಯೆಯಲ್ಲಿ ಉಬುಂಟು 20.04 ಅಂತ ಇದ್ದ ಜಾಗದಲ್ಲಿ ಲೇಟೆಸ್ಟ್ ಅಂತ ಆಗಿತ್ತು. 20.04ರಲ್ಲಿ ಜಿಲಿಬ್‌ಸಿ 2.31. ಅದು ಎಳೆದು ತಂದದ್ದು 22.04, ಅದರಲ್ಲಿ 2.35. ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ಡೆಬಿಯನ್ 11, ಅಲ್ಲೂ 2.31. ಹೊಸದರಲ್ಲಿ ಕಟ್ಟಿದ ಪ್ರೋಗ್ರಾಮ್ ಹಳೆಯದರಲ್ಲಿ ಏಳುವುದೇ ಇಲ್ಲ. 'ಜಿಲಿಬ್‌ಸಿ 2.34 ನಾಟ್ ಫೌಂಡ್' ಅಂತ ಹೇಳಿ ಬಿದ್ದುಹೋಗುತ್ತದೆ. ಈ ನಾಟ್ ಫೌಂಡ್ ನಿಜದ್ದು.

ನಮ್ಮ ಟೆಸ್ಟ್‌ಗಳು ಓಡುತ್ತಿದ್ದುದು ಅದೇ ಹೊಸ ಕಂಟೇನರ್ ಒಳಗೆ, ಹಾಗಾಗಿ ಎಲ್ಲ ಪಾಸ್. ಪೆಟ್ಟಿಗೆಗಳಿಗೆ ಕಳಿಸಿದ್ದರೆ ಎಲ್ಲೆಲ್ಲೋ ಇರುವ ಕೋಲ್ಡ್ ಸ್ಟೋರೇಜ್‌ಗಳಿಗೆ ಜನ ಹೋಗಿ ಕೈಯಲ್ಲಿ ಸರಿಮಾಡಬೇಕಿತ್ತು. ಎಲ್ಲರೂ ಬಿಡಿ ಅನ್ನುತ್ತಿದ್ದ ಆ ಸಾಲು ಇಲ್ಲದೆ ಹೋದದ್ದೇ ನಮ್ಮನ್ನು ಉಳಿಸಿತು. ಗ್ರೆಪ್ ಮೈನಸ್ ವಿ ಹಾಕಿದ್ದರೆ ಅದು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಹಳೆಯ ನಮೂದುಗಳ ಜಗಳ

ಈಗ ತಂಡದಲ್ಲಿ ಒಂದು ವಾದ ನಡೆಯುತ್ತಿದೆ. ಪಟ್ಟಿಯ ಪ್ರತಿ ನಮೂದಿಗೂ ಒಂದು ಕೊನೆಯ ದಿನಾಂಕ ಇರಬೇಕು, ಅದು ದಾಟಿದರೆ ಬಿಲ್ಡ್ ನಿಲ್ಲಬೇಕು ಅನ್ನುವುದು ನನ್ನ ಮಾತು. ಬೆಂಗಳೂರಿನ ಹಿರಿಯ ಸಹೋದ್ಯೋಗಿ ಒಬ್ಬರು ಒಪ್ಪುತ್ತಿಲ್ಲ. "ಮೇಡಂ, ಶುಕ್ರವಾರ ಸಂಜೆ ರಿಲೀಸ್ ಇಟ್ಕೊಂಡು ಯಾವುದೋ ಹಳೇ ವಾರ್ನಿಂಗ್‌ನ ದಿನಾಂಕ ಮುಗೀತು ಅಂತ ಬಿಲ್ಡ್ ನಿಂತ್ರೆ, ಜನ ದಿನಾಂಕ ಮುಂದೂಡಿ ಹೋಗ್ತಾರೆ ಅಷ್ಟೇ. ಓದೋದಿಲ್ಲ," ಅನ್ನುತ್ತಾರೆ. ಅದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಕೋಡ್ ಬದಲಾಗದೆ ಬಿಲ್ಡ್ ಮುರಿಯುವುದು ನನಗೂ ಇಷ್ಟವಿಲ್ಲ. ಹಳೆಯ ಆವೃತ್ತಿಯನ್ನು ಮುಂದೊಂದು ದಿನ ಮತ್ತೆ ಕಟ್ಟಬೇಕಾಗಿ ಬಂದರೆ ದಿನಾಂಕಗಳೆಲ್ಲ ಮುಗಿದಿರುತ್ತವೆ.

ಹಾಗಾಗಿ ಸ್ವಲ್ಪ ಬದಲಿಸಿದ್ದೇನೆ. ಕ್ಯಾಲೆಂಡರ್ ದಿನಾಂಕ ಬೇಡ. ನಮೂದು ಹೇಳುವ ಕಡತ ಬದಲಾದಾಗ, ಅಥವಾ ಕಂಪೈಲರ್ ಆವೃತ್ತಿ ಬದಲಾದಾಗ, ಆ ನಮೂದು ತಾನಾಗಿ ಹಳೆಯದಾಗಲಿ. ಬದಲಿಸಿದವರೇ ಅದನ್ನು ಇನ್ನೊಮ್ಮೆ ಓದಿ, ಇದು ಈಗಲೂ ಸುಳ್ಳೇ ಅಂತ ತಮ್ಮ ಹೆಸರು ಹಾಕಲಿ. ಕೋಡ್ ಅವರ ಕಣ್ಣ ಮುಂದೆಯೇ ತೆರೆದಿರುತ್ತದೆ, ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕಂಪೈಲರ್ ಬದಲಾದ ದಿನ ಮಾತ್ರ ಪಟ್ಟಿ ಪೂರ್ತಿ ಓದುವ ಕೆಲಸ ಬೀಳುತ್ತದೆ. ಪಟ್ಟಿ ಉದ್ದ ಆಗದಂತೆ ನೋಡಿಕೊಳ್ಳಲು ಅದೇ ಕಾರಣ ಆಗಲಿ ಅಂತ ನಾನು. ಅವರು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಮುಂದಿನ ಕಂಪೈಲರ್ ಬದಲಾವಣೆಗೆ ಇದನ್ನು ಮಾಡಿ ನೋಡೋಣ ಅಂದಿದ್ದಾರೆ. ಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಬೇಕಾದ ಭಾಗವನ್ನು ಹುಡುಗಿ ಬರೆಯುತ್ತಿದ್ದಾಳೆ.